ಅಟ್ಟದ ಉಸಿರು

ಯಮುನಾ ಹೊನ್ನವಳ್ಳಿಗೆ ಬರುವ ಮುಂಚೆ ಹುಳಿಯಾರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು. ಅಲ್ಲಿ ಶಬ್ದವನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ವಾಲಗ, ಮಕ್ಕಳ ಅಳು, ಪಂಕ್ತಿಯಲ್ಲಿ ಕೂತವರ ಗಲಾಟೆ ಎಲ್ಲವನ್ನೂ ಅಳಿಸಿ ಮೇಲೊಂದು ಸಿನಿಮಾ ಹಾಡು ಹಾಕಿದರೆ ಕೆಲಸ ಮುಗಿಯಿತು. ಯಮುನಾ ಮಾತ್ರ ಅಳಿಸುವ ಮುಂಚೆ ಎಲ್ಲವನ್ನೂ ಒಮ್ಮೆ ಕೇಳುತ್ತಿದ್ದಳು. ಧಾರೆಯ ಹೊತ್ತಿನಲ್ಲಿ ಮದುಮಗಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದ್ದು, ಹಿಂದೆಲ್ಲೋ ಒಬ್ಬ ಮುದುಕ ಕೆಮ್ಮಿದ್ದು, ಇಂಥವು ಅವಳಿಗೆ ಇಷ್ಟ. ಫೋಟೋ ಪ್ರಿಂಟು ಹಾಕಿಸಲು ಬಂದ ಜ್ಞಾನೇಶ್ ಒಂದು ದಿನ ಅವಳು ಪರದೆಯ ಕಡೆ ನೋಡದೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದುದನ್ನು ಕಂಡ. ಮುಂದಿನ ವಾರ ಫೋನು ಮಾಡಿ, ಅನಿಮೇಷನ್ ಚಿತ್ರಕ್ಕೆ ಶಬ್ದ ಕೂರಿಸುವುದನ್ನು ಕಲಿಯುತ್ತೀಯಾ ಎಂದು ಕೇಳಿದ.

ಜ್ಞಾನೇಶ್ ತುರುವೇಕೆರೆಯವನು. ಹೊನ್ನವಳ್ಳಿ ಅವನ ಹೆಂಡತಿ ಜೀವಿತಾಳ ಊರು. ಜೀವಿತಾ ಚಿತ್ರ ಬರೆಯುವವಳು, ಬರೆದ ಚಿತ್ರಗಳು ಕಂಪ್ಯೂಟರಿನಲ್ಲಿ ಓಡಾಡುವಂತೆ ಮಾಡುವವಳು. ಗಂಡ ಹೆಂಡತಿ ಇಬ್ಬರೂ ಅವಳ ತಾಯಿ ಶಿವರುದ್ರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಕ್ಕಳಿಗಾಗಿ ಪುಟ್ಟ ಪುಟ್ಟ ಚಿತ್ರಗಳನ್ನು ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತೋಟ, ಕೊಬ್ಬರಿ ವ್ಯಾಪಾರ ಎರಡನ್ನೂ ಶಿವರುದ್ರಮ್ಮನೇ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮೊಪೆಡ್ ಏರಿ ತೋಟಕ್ಕೆ ಹೋದರೆ ಹಿಂದಿರುಗುವುದು ಊಟದ ಹೊತ್ತಿಗೆ. ಯಮುನಾಳಿಗೆ ಆ ಮನೆಯ ಪಕ್ಕದ ಕೋಣೆಯಲ್ಲೇ ಇರಲು ಜಾಗ ಕೊಟ್ಟರು.

ಮೊದಲ ದಿನವೇ ಜ್ಞಾನೇಶ್ ಅವಳನ್ನು ಜೀವಿತಾ ಬರೆದ ಒಂದು ತುಣುಕಿನ ಮುಂದೆ ಕೂರಿಸಿದ. ಒಬ್ಬ ಹುಡುಗ ತೆಂಗಿನ ತೋಟದಲ್ಲಿ ಕಳೆದುಹೋದ ಕುರಿಮರಿಯನ್ನು ಹುಡುಕುತ್ತಾ ಓಡುತ್ತಾನೆ. ಓಡುತ್ತಿದ್ದಾನೆ, ಆದರೆ ಸದ್ದೇ ಇಲ್ಲ. ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕೆ ಕೆಟ್ಟದ್ದೋ ಒಳ್ಳೆಯದೋ ಶಬ್ದ ತಾನಾಗೇ ಬಂದಿರುತ್ತದೆ, ಬರೆದ ಚಿತ್ರಕ್ಕೆ ಏನೂ ಬಂದಿರುವುದಿಲ್ಲ, ಅವನ ಕಾಲಿನ ಸದ್ದು, ಅಂಗಿಯ ಸದ್ದು, ಅವನು ನಿಂತ ಜಾಗದ ಗಾಳಿ ಎಲ್ಲವನ್ನೂ ನಾವೇ ತಂದುಕೊಡಬೇಕು ಎಂದು ಅವನು ವಿವರಿಸಿದ. ಯಮುನಾ ಆ ಹುಡುಗನನ್ನು ನೋಡಿದಳು. ಗಾಜಿನ ಆಚೆ ಓಡುತ್ತಿರುವವನ ಹಾಗೆ ಕಾಣಿಸಿದ.

ಕಲಿಯುವುದು ಅವಳಿಗೆ ಆಟದಂತೆ ಇತ್ತು. ರಾಗಿಹಿಟ್ಟನ್ನು ಬಟ್ಟೆಯ ಚೀಲದಲ್ಲಿ ತುಂಬಿ ಬೆರಳಿಂದ ಒತ್ತಿದರೆ ಧೂಳಿನ ಮೇಲೆ ಬರಿಗಾಲಿಟ್ಟ ಸದ್ದು. ಒಣಗಿದ ಸೋಗೆಯನ್ನು ಮೆಲ್ಲಗೆ ಮುರಿದರೆ ಪೊದೆಯಲ್ಲಿ ಏನೋ ಸರಿದ ಹಾಗೆ. ಮೊರದ ಮೇಲೆ ರಾಗಿ ಸುರಿದರೆ ದೂರದ ಮಳೆ. ಚಿತ್ರದಲ್ಲಿ ಪಾದ ನೆಲ ಮುಟ್ಟುವ ಚಣವನ್ನು ಹುಡುಕಿ, ಸದ್ದಿನ ತುಣುಕನ್ನು ಟೈಮ್‌ಲೈನಿನ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕೂರಿಸಬೇಕು. ಸರಿಯಾಗಿ ಕೂತ ಕೂಡಲೇ ಬರೆದ ಕಾಲಿಗೆ ಭಾರ ಬರುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ಅವಳ ಮೈ ಜುಮ್ಮೆಂದಿತು.

ಶಬ್ದ ಹಿಡಿಯಲು ಜ್ಞಾನೇಶ್ ಆರಿಸಿದ್ದ ಜಾಗ ಮನೆಯ ಅಟ್ಟ. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿ ರಾಶಿ ಹಾಕಿದ್ದರು. ವರ್ಷದ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗಡಗಡ ಅನ್ನುವವರೆಗೂ ಅವು ಅಲ್ಲೇ ಇರುತ್ತವೆ. ನಾಲ್ಕೂ ಕಡೆ ಎದೆಮಟ್ಟಕ್ಕೆ ಕಾಯಿ, ನಡುವೆ ಇಬ್ಬರು ಕೂರುವಷ್ಟು ಜಾಗ. ನಾರು ಸದ್ದನ್ನು ಹೀರಿಕೊಂಡುಬಿಡುತ್ತಿತ್ತು. ಅಲ್ಲಿ ಮಾತಾಡಿದರೆ ಮಾತು ತುಟಿ ದಾಟಿ ಅಲ್ಲೇ ಬಿದ್ದುಹೋದಂತೆ ಅನಿಸುತ್ತಿತ್ತು. ಟೌನಿನ ಸ್ಟುಡಿಯೋದಲ್ಲೂ ಇಂಥ ರೂಮಿಲ್ಲ ಎಂದು ಜ್ಞಾನೇಶ್ ಹೆಮ್ಮೆಪಡುತ್ತಿದ್ದ. ಒಂದೇ ತೊಂದರೆ, ಸುತ್ತಲ ತೋಟಗಳ ಮೋಟರುಗಳು. ಅದಕ್ಕೆ ಮಧ್ಯಾಹ್ನ ಕರೆಂಟು ಹೋಗುವ ಹೊತ್ತನ್ನೇ ಕಾಯುತ್ತಿದ್ದರು. ಕರೆಂಟು ಹೋಯಿತೆಂದರೆ ಮೋಟರುಗಳೆಲ್ಲ ಒಟ್ಟಿಗೆ ನಿಂತು, ಊರಿಗೆ ಊರೇ ಕಿವಿ ಮುಚ್ಚಿದಂತಾಗುತ್ತಿತ್ತು. ಆಗ ಯಮುನಾ ಬ್ಯಾಟರಿಯ ರೆಕಾರ್ಡರು, ಮೈಕು, ಹೆಡ್‌ಫೋನು ಹಿಡಿದು ಏಣಿ ಹತ್ತುತ್ತಿದ್ದಳು.

ಚಿತ್ರದ ಕೊನೆಯ ಭಾಗದಲ್ಲಿ ಆ ಹುಡುಗ ಹುಡುಕಿ ಹುಡುಕಿ ದಣಿದು ಇಂಥದ್ದೇ ಒಂದು ಅಟ್ಟ ಹತ್ತಿ, ಕಾಯಿಗಳ ನಡುವೆ ನಿದ್ದೆ ಹೋಗುತ್ತಾನೆ. ಅಲ್ಲಿ ಸಂಗೀತ ಬೇಡ, ಅವನ ಉಸಿರೊಂದೇ ಸಾಕು ಎಂದು ಜೀವಿತಾ ಹೇಳಿದ್ದಳು. ಯಮುನಾಳೇ ಮೈಕಿನ ಮುಂದೆ ಕಣ್ಣು ಮುಚ್ಚಿ, ಮಲಗಿದ ಮಗುವಿನಂತೆ ಮೆಲ್ಲಗೆ ಉಸಿರಾಡಿ ಬಂದಳು. ಸಂಜೆ ಕೋಣೆಯಲ್ಲಿ ಕೂತು ಅದನ್ನು ಶುಚಿ ಮಾಡುವಾಗ, ತನ್ನ ಎರಡು ಉಸಿರುಗಳ ನಡುವೆ ಇನ್ನೊಂದು ಇರುವುದು ಅವಳಿಗೆ ಕೇಳಿಸಿತು.

ಬಹಳ ಸಣ್ಣದು. ಸದ್ದನ್ನು ಹಿಗ್ಗಿಸಿದಾಗಷ್ಟೇ ಸಿಗುವಂಥದ್ದು. ಅವಳು ಉಸಿರು ಬಿಟ್ಟು ಮುಗಿಸಿದ ಮೇಲೆ ಯಾರೋ ಒಳಗೆ ಎಳೆದುಕೊಳ್ಳುತ್ತಿದ್ದರು. ಎಳೆದು ಮುಗಿಯುವ ತುದಿಯಲ್ಲಿ ಸಣ್ಣ ಸಿಳ್ಳೆಯಂಥ ಎಳೆ.

ಜ್ಞಾನೇಶ್ ಕೇಳಿ, ಬೆಕ್ಕು ಮಲಗಿರಬೇಕು ಎಂದ. ಇಬ್ಬರೂ ಟಾರ್ಚು ಹಿಡಿದು ಅಟ್ಟವನ್ನೆಲ್ಲ ಹುಡುಕಿದರು. ಬೆಕ್ಕೂ ಇಲ್ಲ, ಇಲಿಯ ಹಿಕ್ಕೆಯೂ ಇಲ್ಲ. ಕಾಯಿಯೊಳಗೆ ಗಾಳಿ ಆಡಿರಬಹುದು, ಮರ ಬಿಸಿಲಿಗೆ ಹಿಗ್ಗಿರಬಹುದು ಎಂದು ಹೇಳಿ ಅವನು ಅದನ್ನು ಕತ್ತರಿಸಲು ಹೇಳಿದ. ಅವಳು ಕತ್ತರಿಸಿದಳು. ಆದರೆ ಕತ್ತರಿಸಿದ ಚೂರುಗಳನ್ನು ಅಳಿಸಲು ಮನಸ್ಸಾಗದೆ ಬೇರೊಂದು ಟ್ರ್ಯಾಕಿನಲ್ಲಿ ಸಾಲಾಗಿ ಇಟ್ಟಳು. ಎಲ್ಲವನ್ನೂ ಕೂಡಿಸಿ ಕೇಳಿದಾಗ ಅದು ಬೆಕ್ಕಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅದು ಒಂದು ಮಗು ನಿದ್ದೆ ಮಾಡುವ ಸದ್ದು.

ಮಾರನೆಯ ದಿನ ಅವಳು ಅಟ್ಟದಲ್ಲಿ ಮೈಕು ಇಟ್ಟು, ರೆಕಾರ್ಡರಿನ ಗುಂಡಿ ಒತ್ತಿ, ತಾನು ಕೆಳಗಿಳಿದು ಬಂದಳು. ಅಂಗಳದಲ್ಲಿ ನಿಂತು ಕಾದಳು. ಬಿಸಿಲಿಗೆ ಗರಿಗಳು ಕೂಡ ಅಲುಗುತ್ತಿರಲಿಲ್ಲ. ಕರೆಂಟು ಬಂದ ಮೇಲೆ ಹತ್ತಿ ಹೋಗಿ ತಂದು ಕೇಳಿದರೆ, ಯಾರೂ ಇಲ್ಲದ ಅಟ್ಟದಲ್ಲಿ ಉಸಿರು ಶುರುವಿನಿಂದ ಕೊನೆಯವರೆಗೂ ಇತ್ತು. ಅವಳಿಗೆ ತಲೆಯ ಹಿಂಭಾಗ ತಣ್ಣಗಾಯಿತು. ಆ ಹೊತ್ತಿನಲ್ಲೂ ಅವಳ ಬೆರಳು ತಾನಾಗಿ ಧ್ವನಿಯ ಮಟ್ಟ ಸರಿಮಾಡುತ್ತಿತ್ತು.

ಜೀವಿತಾಳಿಗೆ ಹೇಳದೆ ಇರಲಾಗಲಿಲ್ಲ. ಜೀವಿತಾ ಹೆಡ್‌ಫೋನು ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಹೆದರಿದವಳಂತೆ ಕಾಣಲಿಲ್ಲ. ಆ ಫೈಲನ್ನು ತೆಗೆದು, ತಾನು ಬರೆದ ಹುಡುಗ ಮಲಗಿರುವ ದೃಶ್ಯದ ಕೆಳಗೆ ಇಟ್ಟು, ಓಡಿಸಿದಳು. ಪರದೆಯ ಮೇಲೆ ಹುಡುಗನ ಎದೆ ಏರಿತು, ಇಳಿಯಿತು. ಉಸಿರು ಅದರೊಂದಿಗೇ ಬಂತು, ಅದರೊಂದಿಗೇ ಹೋಯಿತು. ಎಲ್ಲಿಯೂ ಸರಿಸಬೇಕಾಗಲಿಲ್ಲ. ಜೀವಿತಾ ಆ ಎದೆಯ ಏರಿಳಿತವನ್ನು ಬರೆದು ಮುಗಿಸಿದ್ದು ಆರು ತಿಂಗಳ ಹಿಂದೆ.

"ಇದನ್ನ ಆಫ್ ಮಾಡು ಯಮುನಾ," ಎಂದು ಜೀವಿತಾ ಮೆಲ್ಲಗೆ ಹೇಳಿದಳು.

ಆ ಹೊತ್ತಿಗೆ ಶಿವರುದ್ರಮ್ಮ ತೋಟದಿಂದ ಬಂದವಳು ಕೋಣೆಯ ಮುಂದೆ ಹಾಯುತ್ತಿದ್ದಳು. ಸ್ಪೀಕರಿನಿಂದ ಉಸಿರು ಇನ್ನೂ ಬರುತ್ತಿತ್ತು. ಅವಳು ನಿಲ್ಲಲಿಲ್ಲ, ಬೆಚ್ಚಲಿಲ್ಲ. ಅಡಿಗೆಮನೆ ಕಡೆ ಎರಡು ಹೆಜ್ಜೆ ಹಾಕುತ್ತಲೇ, ಮನೆಯಲ್ಲಿ ದಿನಾ ಹೇಳುವ ಮಾತಿನಂತೆ ಹೇಳಿದಳು.

"ಅವನ್ನ ಯಾಕೆ ಅಂಗಾತ ಮಲಗ್ಸಿದೀರಿ? ಬೆನ್ನಿಗೆ ದಿಂಬು ಕೊಟ್ಟು ಒರಗ್ಸಿ. ಅಂಗಾತ ಮಲಗಿದ್ರೆ ಉಸಿರು ಎಳ್ಯಕ್ಕೆ ಆಗಲ್ಲ ಅವನಿಗೆ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಾಯಿತು. ಗೋಡೆ ಹಿಡಿದು ನಿಂತಳು.

"ಯಾರಿಗಮ್ಮಾ?" ಎಂದಳು ಜೀವಿತಾ.

"ತೋಂಟದಾರ್ಯನಿಗೆ ಕಣೇ."

ಯಮುನಾಳಿಗೆ ಆ ಹೆಸರು ಹೊಸದು. ಜೀವಿತಾಳಿಗೆ ಹೊಸದಲ್ಲ. ಅವಳಿಗಿಂತ ಮೊದಲು ಹುಟ್ಟಿ, ಅವಳು ಹುಟ್ಟಿದ ವಾರದಲ್ಲೇ ಹೋಗಿಬಿಟ್ಟ ಅಣ್ಣ ಅವನು. ಅವನ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಶಿವರುದ್ರಮ್ಮ ಆ ಮಧ್ಯಾಹ್ನ ಕೋಣೆಯ ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಹುಡುಗನಿಗೆ ಉಬ್ಬಸ. ಚಳಿಗಾಲ ಬಂತೆಂದರೆ ಅವನ ಎದೆ ಸಿಳ್ಳೆ ಹಾಕುತ್ತಿತ್ತು. ಅವಳು ಎರಡನೇ ಹೆರಿಗೆಗೆ ತುಮಕೂರಿನ ಆಸ್ಪತ್ರೆ ಸೇರಿದಾಗ ಹುಡುಗನನ್ನು ತನ್ನ ಅತ್ತೆಯ ಹತ್ತಿರ ಬಿಟ್ಟಿದ್ದಳು. ಅಟ್ಟ ಬೆಚ್ಚಗಿರುತ್ತದೆ ಎಂದು ಅತ್ತೆ ಅವನನ್ನು ಅಲ್ಲಿ, ಕಾಯಿಗಳ ನಡುವೆ, ಕಂಬಳಿ ಹಾಸಿ ಮಲಗಿಸುತ್ತಿದ್ದರು. ಒಂದು ಮಧ್ಯಾಹ್ನ ಹುಡುಗ ಎದ್ದು ಬರಲೇ ಇಲ್ಲ. ಹೆರಿಗೆ ಕಷ್ಟವಾಗಿತ್ತು, ಹಸಿ ಬಾಣಂತಿಗೆ ಹೇಳಬಾರದೆಂದು ಮನೆಯವರೆಲ್ಲ ಸೇರಿ ಮುಚ್ಚಿಟ್ಟರು. ಮಗು ಎತ್ತಿಕೊಂಡು ಊರಿಗೆ ಬಂದಾಗ, ತೋಟದ ಮೂಲೆಯಲ್ಲಿ ಮಾಡಿದ್ದ ಸಮಾಧಿಯ ಮೇಲಿನ ಮಣ್ಣು ಒಣಗಿತ್ತು. ಮುಖ ಕೂಡ ನೋಡಲಿಲ್ಲ ಎಂದಳು. ಅಳಲಿಲ್ಲ. ಇನ್ನೊಂದು ಸಲ ಹಾಕು ಎಂದು ಯಮುನಾಳ ಕಡೆ ನೋಡಿದಳು.

ಅಲ್ಲಿಂದ ಮುಂದೆ ಶಿವರುದ್ರಮ್ಮ ಮಧ್ಯಾಹ್ನಗಳಲ್ಲಿ ತೋಟದಿಂದ ಬೇಗ ಬರತೊಡಗಿದಳು. ಯಮುನಾ ಮೈಕು ಇಟ್ಟು ಬರುತ್ತಿದ್ದಳು, ಆಮೇಲೆ ಇಬ್ಬರೂ ಕೂತು ಕೇಳುತ್ತಿದ್ದರು. ಬರಿಗಿವಿಗೆ ಅಟ್ಟದಲ್ಲಿ ಏನೂ ಕೇಳುತ್ತಿರಲಿಲ್ಲ. ಶಿವರುದ್ರಮ್ಮ ಒಮ್ಮೆ ಏಣಿ ಹತ್ತಿ, ಕಾಯಿಗಳ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತು, ಇಳಿದು ಬಂದು, ಇಲ್ಲ ಎಂದು ತಲೆಯಾಡಿಸಿದಳು. ಹೆಡ್‌ಫೋನು ಹಾಕಿಕೊಂಡಾಗ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು. ಏನಾದರೂ ಮಾತಾಡುತ್ತಾನಾ ಎಂದು ಕೇಳುತ್ತಿದ್ದಳು. ಉಸಿರು ಮಾತ್ರ ಎಂದು ಯಮುನಾ ಹೇಳುತ್ತಿದ್ದಳು.

ಆ ದಿನಗಳಲ್ಲೇ ಶಿವರುದ್ರಮ್ಮ ಮಗಳ ಚಿತ್ರವನ್ನು ಮೊದಲ ಬಾರಿ ಗಮನವಿಟ್ಟು ನೋಡಿದಳು. ಬರೆದ ಹುಡುಗ ಉಸಿರು ಎಳೆಯುವ ಮುಂಚೆ ಎಡಭುಜವನ್ನು ಒಂದಿಷ್ಟು ಮೇಲೆತ್ತುತ್ತಿದ್ದ. ಅದನ್ನು ಹೀಗೇಕೆ ಬರೆದೆ ಎಂದು ಕೇಳಿದಳು. ಕೈಗೆ ಹಾಗೇ ಬಂತು ಎಂದು ಜೀವಿತಾ ಹೇಳಿದಳು. ಶಿವರುದ್ರಮ್ಮ ಮಗ ಎತ್ತುತ್ತಿದ್ದ ಹಾಗೆ ತನ್ನ ಎಡಭುಜವನ್ನು ತಾನೇ ಎತ್ತಿ ಇಳಿಸಿ ನೋಡಿಕೊಂಡಳು. ಜೀವಿತಾ ಎದ್ದು ಹೊರಗೆ ಹೋದಳು.

ಕೆಟ್ಟದ್ದನ್ನು ಮೊದಲು ಗುರುತಿಸಿದ್ದು ಯಮುನಾ. ಒಂದೊಂದು ದಿನದ ಫೈಲನ್ನೂ ಒಂದರ ಕೆಳಗೊಂದು ಇಟ್ಟಾಗ ಪರದೆಯ ಮೇಲಿನ ಅಲೆಗಳು ದಿನೇ ದಿನೇ ಹತ್ತಿರ ಹತ್ತಿರ ಆಗುತ್ತಿದ್ದವು. ಉಸಿರು ಗಿಡ್ಡವಾಗುತ್ತಿತ್ತು. ಸಿಳ್ಳೆ ಮೊದಲು ತುದಿಯಲ್ಲಿ ಮಾತ್ರ ಇದ್ದದ್ದು ಈಗ ಉದ್ದಕ್ಕೂ ಇತ್ತು. ಕುರಿ ಸಾಕುವ ತನ್ನ ಹಟ್ಟಿಯಲ್ಲಿ ಚಳಿ ಹೊಕ್ಕ ಮರಿಗಳು ಹೀಗೇ ಎಳೆಯುವುದನ್ನು ಅವಳು ಕೇಳಿದ್ದಳು. ಆ ಸದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

ಜ್ಞಾನೇಶನಿಗೆ ಹೇಳಿದಳು. ಅವನು ಅದೇ ದಿನ ಮೈಕು, ರೆಕಾರ್ಡರು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದ. ಉಳಿದ ಕೆಲಸವನ್ನು ತಿಪಟೂರಿನಲ್ಲಿ ಗೆಳೆಯನ ಸ್ಟುಡಿಯೋದಲ್ಲಿ ಮುಗಿಸೋಣ, ಅಟ್ಟದ ಸಹವಾಸ ಸಾಕು ಎಂದ. ಅತ್ತೆಗೆ ಅವನು ಮರ್ಯಾದೆಯಿಂದಲೇ ಹೇಳಿದ, ಆದರೆ ಮತ್ತೆ ಮಾತಿಗೆ ಜಾಗ ಬಿಡದೆ ಹೇಳಿದ. ಮಾರನೆಯ ಬೆಳಿಗ್ಗೆ ಸ್ಟುಡಿಯೋ ಮಾತಾಡಿಕೊಂಡು ಬರಲು ಅವನು ತಿಪಟೂರಿಗೆ ಹೋದ ಮೇಲೆ ಶಿವರುದ್ರಮ್ಮ ಯಮುನಾಳ ಕೋಣೆಯ ಬಾಗಿಲಿಗೆ ಬಂದು ನಿಂತಳು. ತನ್ನ ಮನೆಯಲ್ಲೇ ಯಾರನ್ನೋ ಬೇಡಲು ಬಂದವಳ ಹಾಗೆ ನಿಂತಿದ್ದಳು.

"ಇವತ್ತು ನಾನೇ ಮೇಲೆ ಕೂರ್ತೀನಿ ಕಣವ್ವ. ಅವನು ಎಳೆಯೋವಾಗ್ಲೇ ಕೇಳೋ ಹಂಗೆ ಮಾಡ್ಕೊಡು."

ಜೀವಿತಾ ಅದನ್ನು ಕೇಳಿಸಿಕೊಂಡು ಬಂದಳು. ಅವಳ ಮುಖ ಬಿಳಿಚಿತ್ತು.

"ಅವನು ಸಾಯೋದನ್ನ ಕೇಳಬೇಕಾ ನಿಂಗೆ?"

"ಅವತ್ತು ನಾನಿರ್ಲಿಲ್ಲ," ಎಂದಳು ಶಿವರುದ್ರಮ್ಮ. "ಇವತ್ತು ಇದೀನಿ."

ಜೀವಿತಾ ಆಮೇಲೆ ಆಡಿದ್ದು ತಾಯಿಗೆ ಹೇಳಿದ ಮಾತೋ ತನಗೇ ಹೇಳಿಕೊಂಡದ್ದೋ ಯಮುನಾಳಿಗೆ ತಿಳಿಯಲಿಲ್ಲ. ವರ್ಷ ವರ್ಷ ತನ್ನ ಹುಟ್ಟಿದ ದಿನ ಬಂದಾಗ ಈ ಮನೆಯಲ್ಲಿ ಯಾವತ್ತೂ ಯಾರೂ ತನ್ನ ಮುಖ ನೋಡಿ ಮಾತಾಡಿಲ್ಲ, ಎಲ್ಲರೂ ತೋಟಕ್ಕೆ ಹೋಗಿಬಿಡುತ್ತಿದ್ದರು ಎಂದಳು. ಶಿವರುದ್ರಮ್ಮ ಮಗಳ ಕಡೆ ನೋಡಿದಳು. ಇಬ್ಬರೂ ಯಮುನಾ ಏನು ಮಾಡುತ್ತಾಳೆಂದು ಕಾದರು.

ಜ್ಞಾನೇಶ್ ಕೆಲಸ ಕೊಟ್ಟವನು, ಕಲಿಸಿದವನು. ಅವನ ಮಾತು ಮೀರಿದರೆ ಮತ್ತೆ ಹುಳಿಯಾರಿನ ಮದುವೆ ವಿಡಿಯೋಗಳೇ ಗತಿ. ಯಮುನಾಳಿಗೆ ಭಯವೂ ಇತ್ತು, ಅಟ್ಟದ ಭಯ. ಆದರೂ ಆ ಉಸಿರನ್ನು ಮೊದಲು ಕೇಳಿದವಳು ತಾನು, ದಿನಾ ಹಿಡಿದು ಕೆಳಗೆ ತಂದವಳು ತಾನು, ಈಗ ಕೊನೆಯ ದಿನ ಅವನನ್ನು ಒಂಟಿಯಾಗಿ ಬಿಟ್ಟು ಪೆಟ್ಟಿಗೆ ಮುಚ್ಚುವುದು ಅವಳಿಂದ ಆಗಲಿಲ್ಲ. ಪೆಟ್ಟಿಗೆ ತೆಗೆದು ಮೈಕು ಹೊರಗಿಟ್ಟಳು.

ಕರೆಂಟು ಹೋಯಿತು. ಮೋಟರುಗಳು ನಿಂತವು. ಶಿವರುದ್ರಮ್ಮ ಕಾಯಿಗಳ ನಡುವೆ ಕಾಲು ಮಡಚಿ ಕೂತಳು, ಯಮುನಾ ಅವಳ ಕಿವಿಗೆ ಹೆಡ್‌ಫೋನು ಹಾಕಿ, ಇನ್ನೊಂದನ್ನು ತಾನು ಹಾಕಿಕೊಂಡು, ಎದುರಿಗೆ ಕೂತಳು. ನಡುವೆ ನೆಲದ ಮೇಲೆ ಮೈಕು. ಜೀವಿತಾ ಏಣಿಯ ಅರ್ಧದಲ್ಲಿ ನಿಂತಿದ್ದಳು, ತಲೆ ಮಾತ್ರ ಅಟ್ಟದ ಬಾಯಿಯಲ್ಲಿ ಕಾಣುತ್ತಿತ್ತು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು.

ಉಸಿರು ಆಗಲೇ ಶುರುವಾಗಿತ್ತು. ಅಷ್ಟು ಹತ್ತಿರ ಯಮುನಾ ಅದನ್ನು ಯಾವತ್ತೂ ಕೇಳಿರಲಿಲ್ಲ. ಒಂದೊಂದು ಎಳೆತಕ್ಕೂ ಮಗು ಪೂರಾ ಮೈಯನ್ನು ಬಳಸುತ್ತಿತ್ತು. ಎಳೆದದ್ದು ಸಾಲದೆ ಮತ್ತೆ ಎಳೆಯುತ್ತಿತ್ತು. ಅವಳಿಗೆ ಹೆಡ್‌ಫೋನು ಕಿತ್ತು ಎಸೆಯಬೇಕೆನಿಸಿತು. ಎದುರಿಗೆ ಶಿವರುದ್ರಮ್ಮ ಕಣ್ಣು ತೆರೆದೇ ಇದ್ದಳು, ಮೈಕಿನ ಪಕ್ಕದ ಬರಿ ಜಾಗವನ್ನು ನೋಡುತ್ತಿದ್ದಳು.

"ಬಂದೆ ಕಣಪ್ಪ," ಎಂದಳು. "ಇಲ್ಲೇ ಇದೀನಿ. ಎದ್ದು ಕೂತ್ಕೋ. ಹಾಂ, ಹಂಗೆ. ನನ್ನ ಮೇಲೆ ಒರಗು."

ಬಲಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಒಂದು ಪುಟ್ಟ ಬೆನ್ನಿನಷ್ಟು ಎತ್ತರದಲ್ಲಿ ಹಿಡಿದು, ಮೆಲ್ಲಗೆ ತಟ್ಟತೊಡಗಿದಳು. ಅವಸರ ಮಾಡಬೇಡ, ಒಂದೊಂದಾಗಿ ಎಳೆದುಕೋ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳುತ್ತಲೇ ಇದ್ದಳು. ಅವಳ ಕೈಯ ಲಯಕ್ಕೆ ಉಸಿರು ಒಂದಿಷ್ಟು ಹೊಂದಿಕೊಂಡಿತು. ಸಿಳ್ಳೆ ಇತ್ತು, ಆದರೆ ಓಡುತ್ತಿರಲಿಲ್ಲ. ಯಮುನಾ ತನ್ನ ಉಸಿರನ್ನೇ ಹಿಡಿದಿದ್ದಳು.

ನಡುವೆ ಉಸಿರು ಒಮ್ಮೆ ತಡೆಯಿತು. ತುಟಿ ಬಿಡಿಸಿದ ಹಾಗೆ ಒಂದು ಒದ್ದೆ ಸದ್ದು ಬಂತು. ಯಮುನಾಳಿಗೆ ಅಷ್ಟೇ ಕೇಳಿಸಿತು. ಶಿವರುದ್ರಮ್ಮ ಮಾತ್ರ ತಲೆ ಬಗ್ಗಿಸಿ, ಕಿವಿಯಿಟ್ಟು ಕೇಳಿದವಳಂತೆ ಕೇಳಿ, ಉತ್ತರ ಕೊಟ್ಟಳು.

"ಹೂಂ ಕಣಪ್ಪ, ಬಂತು. ಹೆಣ್ಣು ಪಾಪು. ಅಗೋ, ಏಣಿ ಮೇಲೆ ನಿಂತವ್ಳೆ ನೋಡು."

ಏಣಿ ಕಿರುಗುಟ್ಟಿತು. ಜೀವಿತಾ ಹತ್ತಿ ಬಂದಳು. ಕಾಯಿಗಳ ರಾಶಿಗೆ ಒರಗಿ, ಮೊಣಕಾಲೂರಿ, ತಾಯಿಯ ಪಕ್ಕದಲ್ಲಿ ಕೂತಳು. ಅವಳ ಕಿವಿಯಲ್ಲಿ ಏನೂ ಇರಲಿಲ್ಲ, ಅವಳಿಗೆ ಏನೂ ಕೇಳುತ್ತಿರಲಿಲ್ಲ. ತಾಯಿ ನೋಡುತ್ತಿದ್ದ ಬರಿ ಜಾಗದ ಕಡೆ ಅವಳೂ ನೋಡಿದಳು. "ಅಣ್ಣ," ಎಂದಳು. ಆ ಪದವನ್ನು ಅವಳು ಯಾರಿಗೂ ಹಾಗೆ ಅಂದಿರಲಿಲ್ಲ.

ಆಮೇಲೆ ಉಸಿರು ಉದ್ದವಾಯಿತು. ಒಂದು ಬಂದು, ತುಂಬ ತಡೆದು, ಇನ್ನೊಂದು ಬಂತು. ಸಿಳ್ಳೆ ಸಣ್ಣಗಾಗುತ್ತಾ ಎಲ್ಲಿ ಮುಗಿಯಿತೆಂದು ಗೊತ್ತಾಗದಂತೆ ಮುಗಿಯಿತು. ಯಮುನಾ ಇನ್ನೊಂದಕ್ಕೆ ಕಾದಳು. ಅಷ್ಟರಲ್ಲಿ ಕರೆಂಟು ಬಂದು ಸುತ್ತಲ ತೋಟಗಳ ಮೋಟರುಗಳೆಲ್ಲ ಒಂದಾದ ಮೇಲೊಂದು ಶುರುವಾದವು, ಹೆಡ್‌ಫೋನಿನ ತುಂಬ ಗುಂಯ್ ಎನ್ನುವ ಸದ್ದೇ ತುಂಬಿತು.

ಶಿವರುದ್ರಮ್ಮನ ಕೈ ನಿಂತಿತು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮಲಗಿದ," ಎಂದಳು.

ತಾಯಿ ಮಗಳು ಇಳಿದು ಹೋದ ಮೇಲೂ ಯಮುನಾ ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ವೈರುಗಳನ್ನು ಒಂದೊಂದಾಗಿ ಸುತ್ತಿಟ್ಟಳು. ಕೆಳಗೆ ಬಂದು ನೋಡಿದರೆ ಇಬ್ಬರೂ ಅಡಿಗೆಮನೆಯಲ್ಲಿ ಒಂದೇ ತಟ್ಟೆಯಲ್ಲಿ ಮೊಸರನ್ನ ಕಲಸಿಕೊಂಡು ತಿನ್ನುತ್ತಿದ್ದರು.

ಸಂಜೆ ಜ್ಞಾನೇಶ್ ಬಂದಾಗ ಅವಳೇ ಎಲ್ಲವನ್ನೂ ಹೇಳಿದಳು. ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ಆ ಮಧ್ಯಾಹ್ನದ ಫೈಲು ತೆರೆದ. ಶಿವರುದ್ರಮ್ಮನ ಮಾತು ಇತ್ತು. ಏಣಿಯ ಕಿರುಗು, ಜೀವಿತಾಳ ಒಂದು ಮಾತು ಇತ್ತು. ಹುಡುಗನ ಉಸಿರು ಎಲ್ಲಿಯೂ ಇರಲಿಲ್ಲ. ಎಷ್ಟು ಹಿಗ್ಗಿಸಿದರೂ ಇರಲಿಲ್ಲ. ನಾನು ಕೇಳಿದೆ ಸರ್, ಪೂರ್ತಿ ಕೇಳಿದೆ ಎಂದು ಯಮುನಾ ಹೇಳುತ್ತಿದ್ದಂತೆ ಅವನು ಕೈ ಎತ್ತಿ ಸುಮ್ಮನಿರಿಸಿದ. ಒಂದು ಜಾಗಕ್ಕೆ ಹಿಂದೆ ಹೋಗಿ ಮತ್ತೆ ಹಾಕಿದ. ಶಿವರುದ್ರಮ್ಮನ ಮಾತಿನ ಕೆಳಗೆ ಮೆತ್ತನೆಯ ಒಂದು ಸದ್ದಿತ್ತು. ತಟ್, ತಟ್, ತಟ್. ಅಂಗಿ ತೊಟ್ಟ ಸಣ್ಣ ಬೆನ್ನಿನ ಮೇಲೆ ಅಂಗೈ ಬೀಳುವ ಸದ್ದು.

ಆ ಸದ್ದನ್ನು ಅವರಿಬ್ಬರೂ ಚಿತ್ರಕ್ಕಾಗಿ ಹಿಂದೊಮ್ಮೆ ಮಾಡಲು ನೋಡಿದ್ದರು. ದಿಂಬು ತಟ್ಟಿದ್ದರು, ಹಿಟ್ಟಿನ ಚೀಲ ತಟ್ಟಿದ್ದರು, ಸುತ್ತಿದ ಕಂಬಳಿ ತಟ್ಟಿದ್ದರು. ಯಾವುದೂ ಸರಿ ಬರದೆ ಆ ದೃಶ್ಯವನ್ನೇ ಬಿಟ್ಟಿದ್ದರು.

"ಅತ್ತೆ ಏನನ್ನ ತಟ್ತಾ ಇದ್ರು?" ಎಂದು ಜ್ಞಾನೇಶ್ ಕೇಳಿದ.

"ಏನೂ ಇರ್ಲಿಲ್ಲ ಸರ್. ಬರಿ ಗಾಳಿ."

ಅವನು ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟ. ಅಟ್ಟದ ವಿಷಯದಲ್ಲಿ ಅವನು ಮತ್ತೆ ಅವಳನ್ನು ಬೈಯಲಿಲ್ಲ.

ಮರುದಿನವೂ, ಅದರ ಮರುದಿನವೂ ಯಮುನಾ ಮೈಕು ಇಟ್ಟು ನೋಡಿದಳು. ಒಣಗುವ ಕಾಯಿಗಳು ಆಗೊಮ್ಮೆ ಈಗೊಮ್ಮೆ ಟಕ್ ಎನ್ನುವುದನ್ನು ಬಿಟ್ಟು ಏನೂ ಸಿಗಲಿಲ್ಲ. ಹಳೆಯ ಫೈಲುಗಳಲ್ಲಿ ಮಾತ್ರ ಉಸಿರು ಹಾಗೆಯೇ ಇತ್ತು. ಅವನ್ನು ಏನು ಮಾಡುವುದೆಂದು ಮಾತು ಬಂತು. ಒಂದನ್ನಾದರೂ ಇಟ್ಟುಕೊಳ್ಳೋಣ, ಅವನದೆಂದು ಈ ಲೋಕದಲ್ಲಿ ಬೇರೇನೂ ಉಳಿದಿಲ್ಲವಲ್ಲ ಎಂದು ಜ್ಞಾನೇಶ್ ಹೇಳಿದ. ಶಿವರುದ್ರಮ್ಮ ಒಪ್ಪಲಿಲ್ಲ.

"ಅದು ಅವನ ಸಂಕಟ ಕಣಪ್ಪ. ಅದನ್ನ ಯಾಕೆ ಇಟ್ಕೊಳಾಣ. ಅಳಿಸ್ಬುಡು."

ಅವಳ ಎದುರಿಗೇ ಯಮುನಾ ಒಂದೊಂದಾಗಿ ಅಳಿಸಿದಳು. ಅಳಿಸದೆ ಉಳಿದ ಕೊನೆಯ ದಿನದ ಫೈಲಿನ ತಟ್ಟುವ ಸದ್ದಿನ ಬಗ್ಗೆ, ಜ್ಞಾನೇಶನನ್ನು ಬಿಟ್ಟರೆ, ಅವಳು ಜೀವಿತಾಳಿಗೆ ಮಾತ್ರ ಹೇಳಿದಳು. ಜೀವಿತಾ ಅದನ್ನು ತನ್ನದೊಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡಳು. ಎಲ್ಲಿಟ್ಟಳೋ, ಯಾವಾಗ ಕೇಳುತ್ತಾಳೋ, ಯಾರಿಗೂ ಹೇಳಲಿಲ್ಲ.

ಚಿತ್ರ ಮುಗಿಯಿತು. ಮಲಗಿದ ಹುಡುಗನಿಗೆ ಯಮುನಾಳೇ ಹೊಸದಾಗಿ ಉಸಿರು ಕೊಟ್ಟಳು, ತಿಪಟೂರಿನ ಸ್ಟುಡಿಯೋದಲ್ಲಿ, ಉಬ್ಬಸವಿಲ್ಲದ ಒಂದು ಸಾಧಾರಣ ಮಗುವಿನ ಉಸಿರು. ಅದು ಅಲ್ಲಲ್ಲಿ ಎದೆಯ ಏರಿಳಿತಕ್ಕೆ ಹೊಂದಲಿಲ್ಲ, ಜೀವಿತಾ ಕೂತು ಚಿತ್ರವನ್ನೇ ತಿದ್ದಿ ಅದಕ್ಕೆ ಹೊಂದಿಸಿದಳು. ಎಡಭುಜವನ್ನು ಹಾಗೇ ಬಿಟ್ಟಳು. ಯೂಟ್ಯೂಬಿನಲ್ಲಿ ಬಂದ ಮೇಲೆ ಸುಮಾರು ಜನ ನೋಡಿದರು. ಶಿವರುದ್ರಮ್ಮ ಒಂದೇ ಸಲ ನೋಡಿ, ಕೊನೆಗೆ ಹುಡುಗನಿಗೆ ಕುರಿಮರಿ ಸಿಕ್ಕಿತಲ್ಲ, ಒಳ್ಳೆಯದಾಯಿತು ಎಂದಳು. ಆ ವರ್ಷದ ಕಾಯಿಗಳನ್ನೆಲ್ಲ ಇಳಿಸಿ, ಸುಲಿಸಿ, ಒಡೆಸಿ, ಕೊಬ್ಬರಿ ಕಳಿಸಿದ ಮೇಲೆ ಅಟ್ಟಕ್ಕೆ ಮತ್ತೆ ಕಾಯಿ ಹಾಕಿಸಲಿಲ್ಲ. ಹಿತ್ತಲಲ್ಲಿ ಶೀಟಿನ ಗೋದಾಮು ಕಟ್ಟಿಸಿದಳು.

ಮುಂದಿನ ಚಿತ್ರಕ್ಕೆ ಕುರಿಮಂದೆಯ ಸದ್ದು ಬೇಕಾಯಿತು. ಯಮುನಾ ರೆಕಾರ್ಡರು ತೆಗೆದುಕೊಂಡು ತನ್ನ ಹಟ್ಟಿಗೆ ಹೋದಳು. ಅವ್ವ ಚಿತ್ತಮ್ಮ ಮಂದೆಯನ್ನು ಗುಡ್ಡದ ಕೆಳಗಿನ ಬಯಲಿಗೆ ಹೊಡೆದುಕೊಂಡು ಬಂದಿದ್ದಳು. ಯಮುನಾ ಕಲ್ಲೊಂದರ ಮೇಲೆ ಮೈಕು ನಿಲ್ಲಿಸಿ, ಗುಂಡಿ ಒತ್ತಿ, ಗುರುತಿಗೆಂದು ಊರಿನ ಹೆಸರು, ಜಾಗದ ಹೆಸರು ಹೇಳಿದಳು. ಅದಾದ ಕೂಡಲೇ ಕುರಿಗಳನ್ನು ಈಚೆಗೆ ಬಿಡಬೇಕಿತ್ತು. ಅವಳು ಕೈ ಅಡ್ಡ ಹಿಡಿದು ಅವ್ವನನ್ನು ನಿಲ್ಲಿಸಿದಳು.

ಇನ್ನೇನು ಕಾಯುತ್ತೀಯಾ ಎಂದು ಚಿತ್ತಮ್ಮ ದೂರದಿಂದ ಕೈ ಸನ್ನೆಯಲ್ಲಿ ಕೇಳಿದಳು. ಯಮುನಾ ಕೈ ಇಳಿಸಲಿಲ್ಲ. ಅಟ್ಟದಲ್ಲಿದ್ದಂತೆ ಇಲ್ಲೂ ಯಾರಾದರೂ ಇದ್ದರೆ ಅವರಿಗೂ ಒಂದಿಷ್ಟು ಹೊತ್ತು ಬಿಟ್ಟುಕೊಡಬೇಕೆಂದು ಅವಳಿಗೆ ಅನಿಸುತ್ತಿತ್ತು. ಕಿವಿಯಲ್ಲಿ ಗಾಳಿ ಇತ್ತು, ಜಾಲಿಯ ಒಣ ಕಾಯಿಗಳ ಸದ್ದಿತ್ತು. ಬೇರೇನೂ ಬರಲಿಲ್ಲ. ಅವಳು ಕೈ ಇಳಿಸಿದಳು, ಅವ್ವ ಕೂಗು ಹಾಕಿದಳು, ಕುರಿಗಳು ಬಂದವು.